ಐದನೇ ಜೇಬು

ಜೀನ್ಸ್ ಪ್ಯಾಂಟಿಗೆ ಐದು ಜೇಬು.
ಐದನೆಯದು ಬಲಗಡೆ, ದೊಡ್ಡದರ ಬಾಯಲ್ಲೊಂದು ಸಣ್ಣದು,
ಯಾರೂ ಅದರಲ್ಲಿ ಏನೂ ಇಡುವುದಿಲ್ಲ.
ಅದನ್ನು ಹೊಲಿಯುವವಳು ನಾನು,
ಕೌಲ್ ಬಜಾರಿನ ಶೆಡ್ಡಿನಲ್ಲಿ, ಹದಿನಾರು ವರ್ಷದಿಂದ.
ಒಂದಕ್ಕೆ ಅರವತ್ತು ಪೈಸೆ.

ಕ್ಯಾಮೆರಾ ಬಂದದ್ದು ಚೀಟಿ ದುಡ್ಡಿನಲ್ಲಿ.
ಕಟಿಂಗ್ ಮಾಸ್ತರನ ತಮ್ಮ
ಎರಡು ಮದುವೆ ತೆಗೆದು ಬೇಸತ್ತು ಮಾರಿದ್ದು.
ಜೊತೆಗಿದ್ದ ಗಿಡ್ಡ ಲೆನ್ಸಿನಲ್ಲಿ
ಬಳ್ಳಾರಿ ಗುಡ್ಡ ಪೂರ್ತಿ ಬರುತ್ತದೆ, ಕೋಟೆ ಬರುತ್ತದೆ,
ಬಂಡೆ ಸಂದಿನಲ್ಲಿ ಕೂರುವ ಕೊಂಬಿನ ಗೂಬೆ ಮಾತ್ರ
ಎಷ್ಟು ಸಲ ತೆಗೆದರೂ
ಒಂದು ಸಾಸಿವೆ ಕಾಳು.

"ಹತ್ರ ಹೋಗಿ ತೆಗೀಬಾರ್ದೇನೆ?" ಎಂದಳು ಮೈಮೂನ,
ಗುಂಡಿ ಒತ್ತುವುದು ನಿಲ್ಲಿಸದೆ.
ಹೋಗಿದ್ದೆ. ಹತ್ತು ಹೆಜ್ಜೆ ಏರುವುದರೊಳಗೆ ಹಾರಿತ್ತು.
ಕೆಲವು ದೂರಗಳನ್ನು ಕಾಲು ಕೆಡಿಸುತ್ತದೆ.
ಅದಕ್ಕೇ ಗಾಜು.

ಮಿಲ್ಲರ್ ಪೇಟೆಯ ಹುಲುಗಪ್ಪ
ಕೌಂಟರಿನ ಮೇಲೆ ಮೂರು ಇಟ್ಟ.
ಒಂದು ನಲವತ್ತು ಸಾವಿರದ್ದು;
ಅದರ ಮುಚ್ಚಳ ಅವನೂ ತೆಗೆಯಲಿಲ್ಲ, ನಾನೂ ಕೇಳಲಿಲ್ಲ.
ಇನ್ನೊಂದು ಮುನ್ನೂರರವರೆಗೆ ಎಳೆಯುವುದು,
ನಾಲ್ಕು ಸಾವಿರದ ಎಂಟು ನೂರು.
ಮೂರನೆಯದು ಇನ್ನೂರೈವತ್ತಕ್ಕೇ ನಿಲ್ಲುತ್ತದೆ, ಸೆಕೆಂಡ್ ಹ್ಯಾಂಡು,
ಆದರೂ ಏಳು ಸಾವಿರ!

"ಗಿಡ್ಡಂದಕ್ಕೇ ಜಾಸ್ತಿ ಯಾಕೆ?"
"ಇದರೊಳಗ ನಡುಕ ತಡಿಯೋದು ಐತಕ್ಕ."

ಮೊದಲು ಮುನ್ನೂರರದು ಹಾಕಿಕೊಂಡು
ಮೆಟ್ಟಿಲ ಮೇಲೆ ನಿಂತು ಎದುರಿನ ಬೋರ್ಡು ಹಿಡಿದೆ.
ಅಕ್ಷರ ದೊಡ್ಡದಾಗಿ ಬಂತು,
ಒಂದೊಂದಕ್ಕೂ ಎರಡೆರಡು ಅಂಚು.
ಇದು ಲೆನ್ಸಿನ ತಪ್ಪಲ್ಲ, ನನಗೆ ಗೊತ್ತು.
ದಿನಾ ಹತ್ತು ತಾಸು ಮೋಟರಿನ ಮೇಲಿರುವ ಕೈ
ನಿದ್ದೆಯಲ್ಲೂ ಹೊಲಿಯುತ್ತಿರುತ್ತದೆ.
ಅನ್ನ ಕಲಸುವಾಗ ಕಾಣದ್ದು
ಇನ್ನೂರು ದಾಟಿದರೆ ಕಾಣುತ್ತದೆ.

"ಮಧ್ಯಾಹ್ನ ಬಿಸಿಲಾಗಾದ್ರ ನಡೀತೈತೆ," ಎಂದ ಹುಲುಗಪ್ಪ.
"ಏನು ತೆಗಿಯೋಕೆ?"
"ಗೂಬೆ."
ಅವನು ನಗಲಿಲ್ಲ, ಅಷ್ಟು ಒಳ್ಳೆಯವನು.
"ಹಂಗಾದ್ರ ಮುಸ್ಸಂಜೆ. ಬೆಳಕು ಕಮ್ಮಿ.
ಇದನ್ನ ಒಯ್ದು, ಫೋಟೋ ಅಲುಗಿದ್ರ
ಆಮ್ಯಾಲ ನನ್ ಮ್ಯಾಲ ಕೂರಿಸಬ್ಯಾಡ ಗೂಬೆ."

ಮೂರನೆಯದರ ಗುಂಡಿ ಅರ್ಧ ಒತ್ತಿದರೆ
ಒಳಗೆ ಬಾಬಿನ್ ತಿರುಗಿದ ಹಾಗೆ ಸಣ್ಣ ಸದ್ದು,
ಆಮೇಲೆ ಎದುರಿನ ಬೋರ್ಡು
ನೀರಿನಲ್ಲಿ ಕಲ್ಲು ತಳ ಮುಟ್ಟಿದಂತೆ
ನಿಂತುಬಿಟ್ಟಿತು.
"ನಿನ್ ಕೈ ನಡುಕ ಅಷ್ಟೇ ತಡಿಯೋದು," ಎಂದ ಅವನು,
"ಹಕ್ಕಿ ಅಲುಗಿದ್ರ ಅದು ಹಕ್ಕಿ ಇಷ್ಟ."

ಟಾರ್ಚ್ ಕೇಳಿ ಪಡೆದು ಗಾಜಿನೊಳಗೆ ಬಿಟ್ಟೆ.
ತಾನಿನಲ್ಲಿ ಡ್ಯಾಮೇಜು ಹುಡುಕಿದ ಕಣ್ಣು,
ಸಿಕ್ಕಿತು: ಅಂಚಿನಲ್ಲಿ ಬೂಸಿನ ಒಂದೇ ಎಳೆ.
ತೋರಿಸಿದೆ. ನಾಲ್ಕು ನೂರು ಇಳಿಸಿದ.

ಆರು ಸಾವಿರದ ಆರು ನೂರು. ಹನ್ನೊಂದು ಸಾವಿರ ಸಣ್ಣ ಜೇಬು.
ಇನ್ನೊಂದಾದರೆ ಎಂಟೇ ಸಾವಿರ.
ದೊಡ್ಡ ಗೂಬೆ, ಅಲುಗಿದ್ದು;
ಚಿಕ್ಕ ಗೂಬೆ, ನಿಂತದ್ದು;
ನಡುವೆ ಮೂರು ಸಾವಿರ ಜೇಬು.
ಮೆಟ್ಟಿಲಲ್ಲಿ ಒಂದು ಲೋಟ ಚಹಾ ಆರುವಷ್ಟು ಹೊತ್ತು ಕೂತೆ.

ಶನಿವಾರ, ಪಗಾರದ ದಿನ, ಆರೂಮುಕ್ಕಾಲು.
ಶೆಡ್ಡಿನ ಮಾಳಿಗೆಯ ಹಂಚಿನಂಥ ಕಾವು ಚಪ್ಪಲಿ ದಾಟಿ ಬರುತ್ತಿತ್ತು.
ಲೆನ್ಸಿನ ಮುಚ್ಚಳ ಕೈಯಲ್ಲಿತ್ತು. ಎಲ್ಲಿಡುವುದು?
ಚೂಡಿದಾರದ ಮೇಲೆ ತೊಟ್ಟಿದ್ದ ರಿಜೆಕ್ಟ್ ಪ್ಯಾಂಟು,
ನಾನೇ ಹೊಲಿದ ಐದನೆಯದು:
ಬಿಗಿಯಾಗಿ, ಸರಿಯಾಗಿ, ಒಳಗೆ ಕೂತಿತು.
ಮೈಮೂನ "ಅಯ್ಯ, ಅದಕ್ಕೇನೇ ಅದು!" ಎಂದಳು.

ಗೂಬೆ ಬಂದಿತ್ತು.
ನಮ್ಮ ಕಡೆ ಬೆನ್ನು ಹಾಕಿ ಕೂತಿತ್ತು,
ಇಡೀ ಬಜಾರಿಗೆ ಬೆನ್ನು.
ಸಾಸಿವೆ ಈಗ ಒಂದು ಹೆಬ್ಬೆರಳಷ್ಟು.
ಗರಿಯ ಅಂಚುಗಳು ಒಂದೊಂದೂ ಬೇರೆ,
ಇಂಚಿಗೆ ಎಷ್ಟು ಹೊಲಿಗೆ ಎಂದು ಎಣಿಸುವಷ್ಟು.

ಮುಖ ನಾಳೆ.